ಒಂದೇ ಥಾನಿನ ಅಂಗಿಗಳು

ಒಮ್ಮೆ ನಮ್ಮವ್ವ ಚಿಕ್ಕವ್ವನ ಸೀರಿ ಉಟ್ಟು ಅಂಗಡಿಗೆ ಬಂದಳು. "ಬಾ ಚಿಕ್ಕವ್ವ, ಅವ್ವ ಮನ್ಯಾಗ ಸಿಟ್ಟಿಲೆ ಕುಂತಾಳ, ನೀನರ ಹೋಗಿ ಸಮಾಧಾನ ಮಾಡು" ಅಂದೆ. ಆಕಿ ನನ್ನನ್ನ ಮ್ಯಾಲಿಂದ ಕೆಳಗ ನೋಡಿ, "ಭಾಳ ಸಿಟ್ಟಾಗ್ಯಾಳೇನು?" ಅಂತ ಕೇಳಿದಳು. ದನಿ ಕಿವಿಗೆ ಬಿದ್ದ ಮ್ಯಾಲೆ ಗೊತ್ತಾತು. ಅವತ್ತು ಮಧ್ಯಾಹ್ನ ನನಗ ಬರೇ ರೊಟ್ಟಿ, ಪಲ್ಯಾ ಇಲ್ಲ.

ನನಗ ಮಂದಿ ಮಾರಿ ನೆನಪಿರೂದಿಲ್ಲ. ಕಣ್ಣು ಕಾಣ್ತಾವ, ಮೂಗು ಕಾಣ್ತೈತಿ, ಗಲ್ಲದ ಮ್ಯಾಲಿನ ಮಚ್ಚೀನೂ ಕಾಣ್ತೈತಿ, ಆದರ ಎಲ್ಲಾ ಕೂಡಿ ಇವರು ಇಂಥವರು ಅಂತ ಆಗೂದಿಲ್ಲ. ಅಂಚು, ಸೆರಗು, ಒಡಲು ಮೂರೂ ಕಣ್ಮುಂದ ಇದ್ದು ಸೀರಿ ಮಾತ್ರ ಕಾಣದಂಗ. ನಮ್ಮ ಗಿರಾಕಿ ಒಬ್ಬಾಕಿ ಡಾಕ್ಟರು ಸೀರಿ ಆರಿಸ್ತಾ ಹೇಳಿದ್ಲು: ಮೆದುಳಿನ್ಯಾಗ ಮಾರಿ ಗುರುತು ಹಿಡಿಯಾಕಂತನ ಒಂದು ಜಾಗಾ ಇರ್ತೈತಂತ, ಕೆಲವರಿಗೆ ಹುಟ್ಟಿನಿಂದನ ಅದು ನೆಟ್ಟಗ ಕೆಲಸಾ ಮಾಡೂದಿಲ್ಲಂತ, ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲಂತ. ಕಡೀ ಮಾತು ಅವ್ವಗ ಕೇಳಿಸಲಿ ಅಂತ ಎರಡು ಸಲ ಹೇಳಿಸಿದೆ.

ಸೋಲಾಪುರದಾಗ ನಮ್ಮದು ಅರಿವಿ ಅಂಗಡಿ. ನಮ್ಮಜ್ಜ ಕುರಿ ಹಿಂಡು ಬಿಟ್ಟು ಬಂದು ಹಾಕಿದ್ದು. ನಾ ಮಾರಿ ಮರಿತೀನಿ, ಅರಿವಿ ಮರಿಯೂದಿಲ್ಲ. ಮಂದೀನ್ನ ಉಟ್ಟ ಸೀರೀಲೆ, ತೊಟ್ಟ ಅಂಗೀಲೆ, ನಡಿಗೀಲೆ ಗುರುತು ಹಿಡೀತಿದ್ದೆ. ಅನುಮಾನ ಬಂದ್ರ ಮರಾಠಿ ಕನ್ನಡ ಎರಡೂ ಕೂಡಿಸಿ "ಯಾ ಯಾ, ಬರ್ರಿ ಬರ್ರಿ, ಭಾಳ ದಿನಾ ಆತಲ್ಲ" ಅಂತಿದ್ದೆ. ಮುಂಜಾನಿ ಬಂದು ಹೋದವರು ಮಧ್ಯಾಹ್ನ ಬಂದ್ರೂ ಹಂಗ ಅಂತಿದ್ದೆ.

ಇಂಥಾಕಿನ್ನ ನೋಡಾಕ ಅಕ್ಕಲಕೋಟದ ವರಾ ಬಂದ. ಅವರದು ಹೊಲಾ, ಕುರಿ. ಅಂವ ಚಹಾ ಬಸಿಗೆ ಸುರಕೊಂಡು ಸೊರ್ ಅಂತ ಕುಡದ, ಮೂಗಿನ ಕೆಳಗ ದಪ್ಪ ಮೀಸಿ, ಮೈಮ್ಯಾಲ ನೀಲಿ ಅಂಗಿ. ಅಷ್ಟು ಸಾಕಾತು ನನಗ. ಆಮ್ಯಾಲೆ ಫೋನು ಸುರು ಆತು. ಫೋನಿನ್ಯಾಗ ನನಗ ಏನೂ ತ್ರಾಸಿಲ್ಲ, ಅಲ್ಲಿ ಎಲ್ಲಾರೂ ನನ್ನಂಗ. ಅಂವ ಸುರ ತಪ್ಪಿ ಹಾಡ್ತಿದ್ದ, ನಾ ಹಾಸಿಗ್ಯಾಗ ಬಾಯಿಗೆ ಚಾದರಾ ತುರಕೊಂಡು ನಗ್ತಿದ್ದೆ. ವಿಡಿಯೋ ಕಾಲ್ ಬ್ಯಾಡ ಅಂದ್ರ ನಾಚಿಕಿ ಅಂತ ತಿಳಕೊಂಡ. ಎರಡ ವಾರದಾಗ ನಾ ಪೂರಾ ಹುಚ್ಚಿ ಆದೆ.

ಹೇಳಬೇಕಿತ್ತು. ಹೇಳಿದ್ರ ಬಿಟ್ಟಾನು ಅಂತ ಅಂಜಿದೆ. ಗಂಡನ್ನ ಗುರುತು ಹಿಡಿಯಲಾರದ ಹೆಂಡ್ತಿನ್ನ ಯಾರು ಮಾಡ್ಕೊಂತಾರ?

ನಿಶ್ಚಯದ ದಿನಾ ಅಪ್ಪ ಬೀಗರ ಗಂಡಸರಿಗೆಲ್ಲಾ ಅಂಗಿ ಅರಿವಿ ಆಯಾರ ಮಾಡಿದ. ಒಬ್ಬರಿಗೊಂದು ನಮೂನಿ ಕೊಟ್ರ ಮುನಿಸು ಬರ್ತೈತಿ ಅಂತ ಅರಿವಿ ಸುರುಳಿ ಬಿಚ್ಚಿ ಒಂದ ಥಾನಿನ್ಯಾಗ ಎಲ್ಲಾರಿಗೂ ಹರದು ಕೊಟ್ಟ. ಆ ಹಸರ ಚೌಕಳಿ ಥಾನು ಕಪಾಟಿನಿಂದ ಆರಿಸಿ ತಗದಾಕಿ ನಾನ.

ತಿಂಗಳಾದ ಮ್ಯಾಲೆ ಅವರು ಮನ್ಯಾಗ ಕುರುಬರ ದೇವರು ಬೀರೋಬಾನ ಹೆಸರಿಲೆ ಊಟಾ ಇಟ್ಟು ನಮ್ಮನ್ನ ಕರೆದ್ರು. ನಾ ಅವನಿಗಂತ ಸೇಂಗಾ ಚಟ್ನಿ ಡಬ್ಬಿ ತಗೊಂಡು ಹೋದೆ. ಬೀಗರು ಕೊಟ್ಟ ಅರಿವಿ ಬೀಗರ ಮುಂದ ಹಾಕ್ಕೊಳ್ಳೂದು ಮರ್ಯಾದಿ ನೋಡ್ರಿ. ಅಂಗಳದಾಗ ಏಳು ಮಂದಿ ಗಂಡಸರು, ಏಳೂ ಹಸರ ಚೌಕಳಿ ಅಂಗಿ. ಎಲ್ಲಾರಿಗೂ ಮೀಸಿ.

ನೀರಿನ ಟಾಕಿ ಹಂತೇಲಿ ಅವನ ಎತ್ತರದಾಂವ ಒಬ್ಬಾಂವ ನಿಂತಿದ್ದ. ಇಂವನ ಅಂತ ಮನಸ್ಸು ಹೇಳ್ತು. ಡಬ್ಬಿ ಕೈಯಾಗ ಕೊಟ್ಟು, "ನಿನ್ನಿ ಫೋನಿನ್ಯಾಗ ಹಾಡಿದ್ದು ಕಿವ್ಯಾಗ ಇನ್ನೊಮ್ಮೆ ಹಾಡ್ರಿ" ಅಂದೆ.

ಆ ಮನಷ್ಯಾ ಡಬ್ಬಿ ತಿರುಗಿ ನನ್ನ ಕೈಯಾಗ ಇಟ್ಟ. "ನಾ ನಿನಗ ಭಾವ ಆಗಬೇಕವಾ" ಅಂದ. "ನನಗ ಹಾಡಾಕ ಬರೂದಿಲ್ಲ."

ನನಗ ನಗಿ ತಡಿಯಾಕ ಆಗ್ಲಿಲ್ಲ. ಅಂಜಿಕಿ ಬಂದ್ರ ನನಗ ನಗೀನ ಬರೂದು, ದೇವರು ಹಂಗ ಮಾಡ್ಯಾನ. "ಹುಡಗಿಗೆ ಕಣ್ಣು ಕಾಣ್ತಾವೋ ಇಲ್ಲೋ?" ಅಂತ ಅತ್ತಿ ಆಗೂವಾಕಿ ಕೇಳಿದಳು. ಅಪ್ಪ ಬಿಸಲು ಗಿಸಲು ಅಂತ ಏನೋ ಹೇಳಾಕ ಬಾಯಿ ತಗದ. ಅವನ್ನ ತಡದು ನಾನ ಎಲ್ಲಾ ಹೇಳಿಬಿಟ್ಟೆ. ಮಾರಿ ಗುರುತು ಸಿಗೂದಿಲ್ಲ, ಅವ್ವಂದೂ ಸಿಗೂದಿಲ್ಲ, ಈ ಏಳರಾಗ ನನ್ನ ವರಾ ಯಾರು ಅಂತ ಈಗೂ ಗೊತ್ತಿಲ್ಲ ಅಂದೆ. ಹೇಳೂತನಕ ನಗಿ, ಹೇಳಿದ ಮ್ಯಾಲೆ ಅಳು.

ಕಟ್ಟಿ ಮ್ಯಾಲೆ ಕಂಬಳಿ ಹಾಸ್ಕೊಂಡು ಅವನ ಅಜ್ಜಿ ಕುಂತಿದ್ದಳು. ಹಿಂಡಿನ ಒಂದೊಂದು ಕುರೀದೂ ಮಾರಿ ಗುರುತಿದ್ದಾಕಿ. ನನಗ ಬೈತಾಳ ಅಂತ ಮಾಡಿದ್ದೆ.

"ಕುರಿ ಮರಿ ಹಿಂಡಿನ್ಯಾಗ ಎಲ್ಲಾರ ಮಾರಿ ನೋಡ್ಕೊಂತ ತಿರಗತೈತೇನವಾ?" ಅಂದಳು. "ತಾಯಿ ದನಿ ಕೇಳಿ ಓಡಿ ಬರ್ತೈತಿ." ಆಮ್ಯಾಲೆ ಆ ಏಳು ಅಂಗಿ ಕಡೆ ತಿರುಗಿ, "ಈಕಿ ಬೇಕಂದ್ರ ದನಿ ಮಾಡು. ಬ್ಯಾಡಂದ್ರ ಸುಮ್ನ ಇರು. ಯಾಂವಂತ ಆಕಿಗೂ ಗೊತ್ತಾಗೂದಿಲ್ಲ, ನಿನಗೂ ಮುಜುಗರ ಇಲ್ಲ" ಅಂದಳು.

ಯಾರೂ ದನಿ ಮಾಡ್ಲಿಲ್ಲ. ನಾ ಏಳೂ ಮಾರಿ ನೋಡಿದೆ. ಏಳೂ ಒಂದ.

ಅಷ್ಟರಾಗ ಎಡಗಡೆಯಿಂದ "ಹುರ್ರ್ಯಾ" ಅಂತ ಕೇಳ್ತು, ಕುರಿ ಕರಿಯೂ ದನಿ. ಅದೂ ಸುರ ತಪ್ಪಿದ್ದು. ನಾ ಸೆರಗು ಎತ್ತಿ ಹಿಡದು ಆ ಕಡೆ ಓಡಿದೆ. ನನಕಿಂತ ಮೊದಲ ಹಿತ್ತಲದಿಂದ ಎರಡು ಮರಿ ಓಡಿ ಬಂದು ಅವನ ಕಾಲಾಗ ನಿಂತಿದ್ವು.

ಮದಿವಿ ದಿನಾ ನಮ್ಮಿಬ್ಬರ ನಡುವ ಹಿಡದ ಅಂತರಪಾಟ ಸರಿಸಿದ್ರು. ಎದುರಿಗೆ ಮೀಸಿ ಬೋಳಿಸಿಕೊಂಡಾಂವ ಯಾವನೋ ನಿಂತಿದ್ದ. ಮಾಲಿ ಹಿಡದ ನನ್ನ ಕೈ ಅಲ್ಲೇ ನಿಂತ್ವು. ಅಂವ ತುಟಿ ಅಲಗಿಸಿ, ನನಗಷ್ಟ ಕೇಳಿಸೂವಂಗ, ಮೆಲ್ಲಕ ಹುರ್ರ್ಯಾ ಅಂದ. ಮದಿಮಗಳಿಗೆ ನಾಚಿಕಿನ ಇಲ್ಲ ಅಂತ ಮಂದಿ ಅನ್ನೂವಂಗ ನಕ್ಕು, ಮಾಲಿ ಹಾಕಿದೆ.