ಎರಡನೇ ಗುಂಡು

ನಮ್ಮ ಮನೆಗೆ ಕಳ್ಳ ನುಗ್ಗಿದ್ದು ಮಟಮಟ ಮಧ್ಯಾಹ್ನ. ಯೂನಿಯನ್ ಸಿಟಿಯ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ. ನಾನು ಮೆನ್ಲೋ ಪಾರ್ಕಿನ ಆಫೀಸಿನಲ್ಲಿದ್ದೆ, ಗಂಡ ಅವರ ಆಫೀಸಿನಲ್ಲಿ, ಮಗಳು ಸ್ಕೂಲಿನಲ್ಲಿ. ಹಿತ್ತಲಿನ ಗಾಜಿನ ಬಾಗಿಲು ಒಡೆದು ಬಂದವನು ಒಂದು ಲ್ಯಾಪ್‌ಟಾಪು, ನನ್ನ ಬಳೆಗಳನ್ನು ತೆಗೆದುಕೊಂಡು ಹೋಗಿದ್ದ. ಹೋದ ವಸ್ತುಗಳ ಬಗ್ಗೆ ನಾವು ಹೆಚ್ಚು ದಿನ ಮಾತಾಡಲಿಲ್ಲ. ಆದರೆ ಅವನು ಮಗಳ ಮಂಚದ ಮೇಲೆ ಕೂತಿದ್ದ. ಹೊದಿಕೆಯ ಮೇಲೆ ಅವನು ಕೂತ ಗುಳಿ ಹಾಗೇ ಉಳಿದಿತ್ತು. ಹಾಲಿನಲ್ಲಿದ್ದ ಮಾವನವರ ಫೋಟೋವನ್ನು ಗೋಡೆಯ ಕಡೆಗೆ ಮುಖ ಮಾಡಿಸಿ ಇಟ್ಟಿದ್ದ. ಯಾಕೆ ಹಾಗೆ ಮಾಡಿದ ಎಂದು ಪೊಲೀಸರಿಗೂ ಗೊತ್ತಾಗಲಿಲ್ಲ, ನಮಗೂ ಇವತ್ತಿನವರೆಗೆ ಗೊತ್ತಿಲ್ಲ.

ಗಂಡನಿಗೆ ಅದಾದ ಮೇಲೆ ನಿದ್ದೆ ಬರದಂತಾಯಿತು. ಅವರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರು, ಜಿರಲೆ ಕಂಡರೂ ನನ್ನನ್ನು ಕರೆಯುವ ಮನುಷ್ಯ. ಒಂದು ಶನಿವಾರ ಕಾಫಿ ಕುಡಿಯುತ್ತಾ, “ಒಂದು ರೈಫಲ್ಲು ತಗೊಳ್ಳೋಣ ಕಣೆ” ಎಂದರು. “ಒಂದೇ ಒಂದು. ಎಲ್ಲಾದಕ್ಕೂ ಆಗೋ ಅಂಥದ್ದು. ಪ್ರಾಕ್ಟೀಸಿಗೂ ಆಗ್ಬೇಕು, ಮನೆಗೂ ಆಗ್ಬೇಕು. ಸೆಮಿ-ಆಟೋಮ್ಯಾಟಿಕ್ಕು. ಜಾಸ್ತಿ ಖರ್ಚೂ ಆಗ್ಬಾರ್ದು.”

ಮಗಳು ಫೋನಿನಿಂದ ತಲೆ ಎತ್ತಲಿಲ್ಲ. “ಇಟ್ಸ್ ನಾಟ್ ಗೋಯಿಂಗ್ ಇನ್ ಮೈ ಕ್ಲಾಸೆಟ್, ರೈಟ್?” ಎಂದಳು.

ನಾನು ಬೇಡ ಎನ್ನಬಹುದಿತ್ತು. ಆದರೆ ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಆ ಕಾರಣವನ್ನು ಮದುವೆಯಾದಾಗಿನಿಂದ ನಾನು ಅವರಿಗೆ ಹೇಳಿರಲಿಲ್ಲ. ನಮ್ಮ ತವರಿನಲ್ಲಿ ಯಾರೂ ಹೇಳುತ್ತಿರಲಿಲ್ಲ, ನನಗೂ ಅದು ಅಭ್ಯಾಸವಾಗಿಬಿಟ್ಟಿತ್ತು. ಸುಮ್ಮನೆ ಕಾರು ಹತ್ತಿದೆ.

ಅಂಗಡಿ ಫ್ರೀವೇ ಪಕ್ಕದ ಒಂದು ಪ್ಲಾಜಾದಲ್ಲಿತ್ತು, ಆಚೆಗೊಂದು ಟೈರ್ ಅಂಗಡಿ, ಈಚೆಗೊಂದು ಡೋನಟ್ ಅಂಗಡಿ. ಕೌಂಟರಿನಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಇದ್ದಳು. ಗಂಡ ಫೋನಿನಲ್ಲಿದ್ದ ಚಿತ್ರ ತೋರಿಸಿದರು: ಕಪ್ಪು ಬಣ್ಣದ್ದು, ಸೈನಿಕರ ಕೈಯಲ್ಲಿ ಕಾಣುವಂಥದ್ದು. ಅದೇ ಜಾತಿಯದು ಈ ರಾಜ್ಯದ ಕಾನೂನಿಗೆ ಹೊಂದುವಂತೆ ಬೇರೆ ಹಿಡಿಕೆ ಹಾಕಿದ್ದು ಇದೆ ಎಂದು ಅವಳು ಒಂದನ್ನು ಇಳಿಸಿದಳು. ಆಮೇಲೆ, ನಿಮ್ಮ ಬಜೆಟ್ಟಿಗೆ ಬಂದೂಕೇನೋ ಬರುತ್ತದೆ, ಆದರೆ ಸೇಫು, ಕಿವಿಗೆ ಹಾಕುವುದು, ಗುಂಡು, ಕಲಿಯುವ ಕ್ಲಾಸು, ಇದಕ್ಕೆಲ್ಲ ಏನೂ ಉಳಿಯುವುದಿಲ್ಲ ಎಂದಳು. ಮೊದಲನೆಯದಾದರೆ ಸಣ್ಣ ಗುಂಡಿನ ಟ್ವೆಂಟಿ-ಟೂ ತಗೊಳ್ಳಿ, ಗುಂಡು ಅಗ್ಗ, ಹೆಗಲಿಗೆ ಒದೆಯುವುದಿಲ್ಲ, ಕೈ ಕೂರುತ್ತದೆ ಎಂದೂ ಸೇರಿಸಿದಳು.

“ಅದು ಮಕ್ಕಳು ಆಟ ಆಡೋದಲ್ವಾ?” ಎಂದು ಗಂಡ ಕನ್ನಡದಲ್ಲಿ ನನ್ನ ಕಡೆ ತಿರುಗಿ ಗೊಣಗಿದರು.

ಅವಳಿಗೆ ಭಾಷೆ ಅರ್ಥವಾಗದಿದ್ದರೂ ಮುಖ ಅರ್ಥವಾಗಿರಬೇಕು. ದೊಡ್ಡ ಗುಂಡು ಮನೆಯ ಒಳಗೋಡೆಗಳನ್ನು ತೂರಿಕೊಂಡು ಹೋಗುತ್ತದೆ, ಸಣ್ಣದೂ ಹೋದೀತು, ಆದರೆ ದೊಡ್ಡದು ತುಂಬ ದೂರ ಹೋಗುತ್ತದೆ ಎಂದು ವಿವರಿಸಿ, “ನಿಮ್ಮ ಬೆಡ್‌ರೂಮಿನ ಗೋಡೆಯ ಆಚೆ ಯಾರು ಮಲಗುತ್ತಾರೆ?” ಎಂದು ಕೇಳಿದಳು. ಗಂಡ ಕಪ್ಪು ಬಂದೂಕನ್ನು ಅವಳ ಕಡೆಗೆ ಸರಿಸಿದರು. ಆಚೆ ಮಲಗುವುದು ಮಗಳು.

ಅವಳು ಮರದ ಹಿಡಿಯ ಟ್ವೆಂಟಿ-ಟೂ ಒಂದನ್ನು ನನ್ನ ಕೈಗೆ ಕೊಟ್ಟಳು. ನಾನೇನು ಮಾಡುತ್ತಿದ್ದೇನೆ ಎಂದು ಗೊತ್ತಾಗುವ ಮೊದಲೇ ಅದರ ಬಾಯಿ ನೆಲಕ್ಕೆ ತಿರುಗಿತ್ತು, ನನ್ನ ಕೈ ಪಕ್ಕದ ಹಿಡಿಕೆ ಎಳೆದು ಗುಂಡು ಕೂರುವ ಜಾಗ ತೆರೆದಿತ್ತು, ಬೆರಳು ಒಳಗೆ ಹೋಗಿ ಖಾಲಿ ಇದೆಯೇ ಎಂದು ತಡವುತ್ತಿತ್ತು. ಅಂಗಡಿಯವಳು ಮೆಚ್ಚಿ ತಲೆಯಾಡಿಸಿದಳು. ಗಂಡ ನನ್ನನ್ನು ಅಪರಿಚಿತಳನ್ನು ನೋಡುವಂತೆ ನೋಡಿದರು.

ಟ್ವೆಂಟಿ-ಟೂವನ್ನೇ ಆರಿಸಿದೆವು. ಕೊಂಡ ದಿನವೇ ಮನೆಗೆ ತರುವಂತಿಲ್ಲ, ಇಲ್ಲಿ ಕೆಲವು ದಿನ ಕಾಯಬೇಕು. ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಅವರು ಕೀ ತಿರುಗಿಸಲಿಲ್ಲ.

“ನಿಂಗೆ ಹೇಗೆ ಗೊತ್ತು ಅದೆಲ್ಲ?”

ಹೇಳಿದೆ. ಹಾಸನದ ಹತ್ತಿರದ ನಮ್ಮೂರಿನಲ್ಲಿ ಬೆಳೆಗೆ ಕಾಡುಹಂದಿಯ ಕಾಟ. ನಡುಮನೆಯ ಗೋಡೆಯಲ್ಲಿ ಲೈಸೆನ್ಸಿನ ಒಂಟಿ ನಳಿಗೆಯ ಕೋವಿ ಇತ್ತು. ಖಾಲಿ ಅಂತ ಯಾರು ಹೇಳಿದರೂ ನೀನೇ ನೋಡದೆ ನಂಬಬೇಡ ಎಂದು ಅಪ್ಪ ಕಲಿಸಿದ್ದರು. ಒಂದು ಸಂಜೆ ಚಿಕ್ಕಪ್ಪ ಜೋಳದ ಹೊಲದಲ್ಲಿ ಕಾಯುತ್ತಿದ್ದಾಗ ದಂಟು ಅಲುಗಿತು, ಹೊಡೆದರು. ಅದು ಹಂದಿಯಲ್ಲ. ತಪ್ಪಿಸಿಕೊಂಡ ಕರು ಹುಡುಕಿಕೊಂಡು ಬಂದಿದ್ದ ನೆರೆಮನೆಯವನು. ಸತ್ತುಹೋದ. ಪೊಲೀಸರು ಕೋವಿ ತೆಗೆದುಕೊಂಡು ಹೋದರು, ಕೇಸು ನಡೆದು ಮುಗಿಯಿತು. ಕೋವಿ ತೂಗುತ್ತಿದ್ದ ಗೂಟಗಳು ಮಾತ್ರ ಗೋಡೆಯಲ್ಲಿ ಉಳಿದವು. ಅಪ್ಪ ಕೀಳಲಿಲ್ಲ. ಅವಕ್ಕೆ ಯಾರೂ ಒಂದು ಟವೆಲ್ಲನ್ನೂ ನೇತುಹಾಕಲಿಲ್ಲ. ಸತ್ತವನ ಹೆಂಡತಿ ನೀರಿಗೆ ನಮ್ಮ ಮನೆಯ ಮುಂದೆಯೇ ಹಾದುಹೋಗಬೇಕಿತ್ತು. ಅವಳ ಕೊಡದ ಸದ್ದು ಕೇಳಿದರೆ ಚಿಕ್ಕಪ್ಪ ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದರು. ಆ ಸಂಜೆಯ ಬಗ್ಗೆ ಅವರು ಒಂದು ಮಾತನ್ನೂ ಆಡಿದ್ದು ನಾನು ಕೇಳಿಲ್ಲ.

“ಇಷ್ಟು ವರ್ಷ ನಂಗೆ ಹೇಳ್ಲಿಲ್ಲ ನೀನು” ಎಂದರು ಗಂಡ. ಸಿಟ್ಟಿರಲಿಲ್ಲ ದನಿಯಲ್ಲಿ. ಕೀ ತಿರುಗಿಸುತ್ತಾ, “ತಗೋಬೇಕೋ ಬೇಡ್ವೋ, ನಿಮ್ಮ ಚಿಕ್ಕಪ್ಪನ್ನೇ ಒಂದ್ಸಲ ಕೇಳು” ಎಂದರು.

ಮಾರನೆಯ ಸಂಜೆ, ಊರಿನಲ್ಲಿ ಬೆಳಗಾಗಿದ್ದ ಹೊತ್ತಿಗೆ, ಅಡುಗೆಮನೆಯಿಂದ ಚಿಕ್ಕಪ್ಪನಿಗೆ ಫೋನು ಮಾಡಿದೆ. ಸ್ಪೀಕರಿನಲ್ಲಿ ಗಂಡನೂ ಕೇಳುತ್ತಿದ್ದಾರೆ ಎಂದು ಮೊದಲೇ ತಿಳಿಸಿ, ಕಳ್ಳತನದ ವಿಷಯ, ಬಂದೂಕಿನ ವಿಷಯ ಹೇಳಿದೆ. ಚಿಕ್ಕಪ್ಪ ಎದ್ದು ಜಗಲಿಗೆ ಬಂದರೆಂದು ಕಾಣುತ್ತದೆ. ಹಿಂದೆ ಎಲ್ಲೋ ಸ್ಕೂಟರ್ ಹೋದ ಸದ್ದು. ಫೋನ್ ಇಟ್ಟುಬಿಡುತ್ತಾರೆ ಎಂದುಕೊಂಡೆ.

“ಅದ್ರಲ್ಲಿ ಒಂದ್ ಸಲ ತುಂಬುದ್ರೆ ಎಷ್ಟ್ ಹೊಡೀಬೌದು ಮಗಾ?”

“ಹತ್ತು ಚಿಕ್ಕಪ್ಪ. ಮತ್ತೆ ಮತ್ತೆ ತುಂಬಬೇಕಾಗಿಲ್ಲ. ಕುದುರೆ ಒತ್ತಿದಾಗೆಲ್ಲ ಒಂದೊಂದು ಹಾರುತ್ತೆ.”

“ನಂದು ಹಂಗಿರ್ಲಿಲ್ಲ ಕಣವ್ವ. ನಳ್ಗೆ ಬಗ್ಸಿ, ಹಳೇ ತೋಟಾ ಕಿತ್ತು, ಹೊಸದು ಹಾಕ್ಬೇಕು. ನಾನು ಎರಡ್ನೇದು ತುಂಬ್ತಾ ಇದ್ದೆ. ಹಂದಿ ಗಾಯ ಆಗಿ ಮೇಲ್ ಬಿದ್ದಾತು ಅಂತ ಅವಸ್ರ ಮಾಡ್ದೆ, ತೋಟಾ ಜಾರಿ ಕೆಳೀಕ್ ಬಿತ್ತು. ಹುಡುಕ್ತಿದ್ದೆ. ಅಷ್ಟ್ರಲ್ಲಿ ಅವ್ನು ನನ್ ಹೆಸ್ರು ಹಿಡ್ದು ಕೂಗ್ದ.”

ಗಂಡ ನನ್ನ ಮೊಣಕೈ ಹಿಡಿದುಕೊಂಡರು.

“ಅದೇನಾರ ನಿನ್ ಕೋವಿ ಆಗಿದ್ರೆ, ಅವ್ನು ಕೂಗೋಕ್ ಮುಂಚೆನೇ ಇನ್ನೂ ನಾಕು ಹೊಡ್ದಿರ್ತಿದ್ದೆ. ಒಂದೇ ಗುಂಡು ಬಿದ್ದಿದ್ಕೆ ರಸ್ತೆಗಂಟ ಬದ್ಕಿದ್ದ. ಬೆನ್ ಮೇಲ್ ಹೊತ್ಕಂಡ್ ಹೋದೆ.”

“ಹೊತ್ಕೊಂಡು ಹೋಗುವಾಗ ಅವರು ಏನಾದ್ರೂ ಹೇಳಿದ್ರಾ ಚಿಕ್ಕಪ್ಪ?”

“ಕರ ಸಿಕ್ರೆ ಕಟ್ಟಾಕು ಅಂದ. ಎಲ್ಡ್ ಸಲ ಅಂದ. ಇನ್ನೇನೂ ಅನ್ನಿಲ್ಲ.”

ಬಂದೂಕು ತಗೋ ಎಂದೂ ಅವರು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮಗಳು ಎಷ್ಟನೇ ಕ್ಲಾಸು ಎಂದು ಕೇಳಿ ಫೋನು ಇಟ್ಟರು.

ಇಷ್ಟಾದ ಮೇಲೂ ಗಂಡ ಅದನ್ನು ತಂದರು. ತರದಿದ್ದರೆ ನಿದ್ದೆ ಬರುವುದಿಲ್ಲ ಎಂದರು. ತಂದ ಮೇಲೂ ಬರಲಿಲ್ಲ. ಗ್ಯಾರೇಜಿನ ಸೇಫಿನಲ್ಲಿ ಅದು ಇದ್ದಷ್ಟು ದಿನ ನಾನು ವಾಷಿಂಗ್ ಮೆಷೀನಿಗೆ ಬಟ್ಟೆ ಹಾಕಲು ಹೋದಾಗೆಲ್ಲ ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿರುವಂತೆ ಅನ್ನಿಸುತ್ತಿತ್ತು.

ಒಂದು ಭಾನುವಾರ ಬೆಟ್ಟದ ಹಿಂದಿನ ಶೂಟಿಂಗ್ ರೇಂಜಿಗೆ ಹೋದೆವು. ಒಣಹುಲ್ಲಿನ ಇಳಿಜಾರು, ಸಾಲಾಗಿ ಟೇಬಲ್ಲುಗಳು, ಅಕ್ಕಪಕ್ಕದವರು ಪಟಪಟನೆ ಹೊಡೆಯುತ್ತಿದ್ದರು. ಗಂಡ ಕ್ಲಾಸಿನಲ್ಲಿ ಕಲಿಸಿದಂತೆಯೇ ಹಿಡಿದು, ಉಸಿರು ಬಿಟ್ಟು, ಒಂದು ಹೊಡೆದರು. ಹೊಡೆದು ನಿಂತರು. ಕಿವಿಗೆ ಹಾಕಿಕೊಂಡಿದ್ದ ಮುಚ್ಚಳವನ್ನು ಒಂದು ಕಡೆ ಸ್ವಲ್ಪ ಎತ್ತಿ, ಕಾಗದದ ಗುರಿಯ ಕಡೆಗೆ ಕಿವಿಗೊಟ್ಟರು. ರೇಂಜಿನ ಮೇಲ್ವಿಚಾರಕ ಬಂದು, ಬಂದೂಕಿನಲ್ಲಿ ಗುಂಡು ಸಿಕ್ಕಿಕೊಂಡಿತೇ ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿದರು. ಮತ್ತೆ ಗುರಿ ಹಿಡಿದರು, ಆದರೆ ಬೆರಳು ಒತ್ತಲಿಲ್ಲ.

“ನೀನು ಹೊಡಿ” ಎಂದು ಕೆಳಗಿಟ್ಟರು.

ನಾನು ಉಳಿದ ಒಂಬತ್ತನ್ನೂ ಹೊಡೆದೆ. ಎಲ್ಲ ನಡುವಿಗೇ ಬಿದ್ದವು. ಅದು ಎಷ್ಟು ಸುಲಭವಾಗಿತ್ತೆಂದರೆ ಒಂಬತ್ತೂ ಮುಗಿದ ಮೇಲೂ ಬೆರಳು ಇನ್ನೊಮ್ಮೆ ಒತ್ತಿತು.

ಬೇಸಿಗೆ ಮುಗಿಯುವ ಮೊದಲು ಅದನ್ನು ಅದೇ ಅಂಗಡಿಗೆ ಮಾರಿದೆವು. ಗಾಜಿನ ಬಾಗಿಲಿಗೆ ಗಟ್ಟಿ ಬೀಗ ಹಾಕಿಸಿದೆವು. ಗಂಡನ ನಿದ್ದೆ ನಿಧಾನವಾಗಿ ಸರಿಹೋಯಿತು.

ಈಗ ನಿದ್ದೆ ಬಾರದಿರುವುದು ನನಗೆ. ಆ ದಿನದ ಮೇಲೆ ಚಿಕ್ಕಪ್ಪ ತಾವಾಗಿಯೇ ನನಗೆ ಫೋನು ಮಾಡತೊಡಗಿದ್ದಾರೆ. ಆಫೀಸಿಗೆ ಬಂದಿಳಿಯುವಾಗ ಬರುತ್ತದೆ, ಪಾರ್ಕಿಂಗ್ ಲಾಟಿನಲ್ಲೇ ಕೂತು ಕೇಳುತ್ತೇನೆ. ಊರಿನ ಮಳೆ, ಬೆಲೆ ಎಲ್ಲ ಹೇಳಿ, ಕೊನೆಗೆ ಸತ್ತ ಆ ನೆರೆಮನೆಯವನ ಬಗ್ಗೆ ಏನಾದರೊಂದು ಹೇಳುತ್ತಾರೆ. ಅವನು ಎಡಗೈಯಲ್ಲಿ ಬೀಡಿ ಹಿಡಿಯುತ್ತಿದ್ದ. ಕಬಡ್ಡಿಯಲ್ಲಿ ಮೋಸ ಮಾಡುತ್ತಿದ್ದ. ಇವರಿಬ್ಬರೂ ಒಂದೇ ಸೈಕಲ್ಲಿನಲ್ಲಿ ಸಂತೆಗೆ ಹೋಗುತ್ತಿದ್ದರು. ನಾನು ಚಿಕ್ಕವಳಾಗಿದ್ದಾಗ ಅವನ ಮುಖ ಸರಿಯಾಗಿ ನೋಡಿರಲಿಲ್ಲ; ಈಗ ಚೆನ್ನಾಗಿ ಗುರುತು ಸಿಗುತ್ತದೆ. ಮೀಟಿಂಗಿನಲ್ಲಿ ಕೂತಾಗ, ಕಿಟಕಿಯಾಚೆ ಕೊಲ್ಲಿಯ ಅಂಚಿನ ಜೊಂಡುಹುಲ್ಲು ಗಾಳಿಗೆ ಅಲುಗಿದರೆ, ಎದುರಿಗಿರುವವರ ಮಾತು ನನಗೆ ಕೇಳಿಸುವುದೇ ಇಲ್ಲ; ಆ ಹುಲ್ಲಿನೊಳಗಿಂದ ಯಾರಾದರೂ ಹೆಸರು ಹಿಡಿದು ಕೂಗುತ್ತಾರೇನೋ ಎಂದು ಕಿವಿಗೊಟ್ಟಿರುತ್ತೇನೆ.