ಅಮಾವಾಸ್ಯೆಗೆ ಕಿತ್ತ ಪ್ಲಗ್

ಲ್ಯಾಮಿನೇಷನ್ ಯಂತ್ರ ಕಾದಾಗ ಒಂದು ವಾಸನೆ ಬರುತ್ತದೆ. ಪ್ಲಾಸ್ಟಿಕ್ ಇನ್ನೇನು ಸುಟ್ಟೇಬಿಟ್ಟಿತು ಅನ್ನುವಂಥ ವಾಸನೆ. ನಿನ್ನೆ ಯಾರದೋ ಆಧಾರ್ ಕಾರ್ಡನ್ನು ಅದರೊಳಗೆ ಬಿಡುತ್ತಿದ್ದಾಗ ನಮ್ಮ ಯಜಮಾನರ ಕೊನೆಯ ದಿನ ನೆನಪಾಯಿತು. ಅಂದೂ ಅಂಗಡಿಯಲ್ಲಿ ಇದೇ ವಾಸನೆ...

ಶಹಾಪುರದ ಬಸ್ ಸ್ಟ್ಯಾಂಡ್ ಹಿಂದೆ ನಮ್ಮ ಅಂಗಡಿ. ಝೆರಾಕ್ಸ್, ಮದುವೆ ಪತ್ರಿಕೆ ಎಲ್ಲ ಇದ್ದರೂ ಜನ ಅವರನ್ನು ಗುರುತಿಸುತ್ತಿದ್ದದ್ದು ದನಿಯಿಂದ. ಆಟೋಕ್ಕೆ ಮೈಕು ಕಟ್ಟಿ ಊರೂರು ಸುತ್ತಿಸುವ ಪ್ರಚಾರದ ಮಾತುಗಳನ್ನು ಅವರೇ ಹೇಳಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದರು. ಅಂದು ಸುರಪುರದ ಒಂದು ಸೀರೆ ಅಂಗಡಿಯ ಕೆಲಸ.

"ಏ, ಫ್ಯಾನ್ ಬಂದ್ ಮಾಡು. ಸೀರಿ ಹಾರಿ ಹೊಂಟಂಗ ಕೇಳಸಾಕತ್ತದ," ಎಂದರು.

"ನಿಮ್ಮ ಸೀರಿ ಸಲುವಾಗಿ ನಾ ಬೆವರಬೇಕೇನ್ರಿ?" ಎಂದೆ. ನಕ್ಕರು. ಮರುದಿನ ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಮುಟ್ಟಲಿಲ್ಲ.

ಆಮೇಲೆ ಅಂಗಡಿಯನ್ನು ಮೈದುನ ನೋಡಿಕೊಂಡ. ನಾನು ಬಹಳ ದಿನ ಆ ಕಡೆ ಹೋಗಲಿಲ್ಲ. ಹೋದದ್ದು ಒಂದೇ ಆಸೆಯಿಂದ, ಅವರ ದನಿ ಕೇಳಬೇಕೆಂದು. ನನ್ನ ಫೋನಿನಲ್ಲಿ ಅವರ ಒಂದು ಮಾತೂ ಇರಲಿಲ್ಲ. ದಿನವೆಲ್ಲ ಒಂದೇ ಅಂಗಡಿಯಲ್ಲಿ ಕೂತವರು ಒಬ್ಬರಿಗೊಬ್ಬರು ದನಿ ರೆಕಾರ್ಡ್ ಮಾಡಿ ಯಾಕೆ ಕಳಿಸುತ್ತಾರೆ?

ಆ ಕಂಪ್ಯೂಟರನ್ನು ಶುರು ಮಾಡಿದರೆ ಮೊದಲು ಕಪ್ಪು ಪರದೆ ಬರುತ್ತಿತ್ತು. ಅದರಲ್ಲಿ ಎರಡು ಸಾಲು, ಒಂದು ಲಿನಕ್ಸ್, ಒಂದು ವಿಂಡೋಸ್. ಒಂದೇ ಡಬ್ಬಿಯಲ್ಲಿ ಎರಡು ಕಂಪ್ಯೂಟರ್ ಇದ್ದ ಹಾಗೆ, ಲಿನಕ್ಸಿನಲ್ಲಿ ಇಟ್ಟದ್ದು ವಿಂಡೋಸಿನಲ್ಲಿ ಕಾಣುತ್ತಿರಲಿಲ್ಲ. ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬೇಕು. ಪತ್ರಿಕೆಯ ಕೆಲಸ ವಿಂಡೋಸಿನಲ್ಲಿ. ಗಿರಾಕಿಗಳ ಪೆನ್ ಡ್ರೈವಿನಿಂದ ವೈರಸ್ ಬಂದು ಒಮ್ಮೆ ಎಲ್ಲ ಹಾಳಾದ ಮೇಲೆ, ದನಿಯ ಕೆಲಸವನ್ನು ಅವರು ಲಿನಕ್ಸಿನಲ್ಲೇ ಇಟ್ಟುಕೊಂಡಿದ್ದರು. ನಾನು ಹೋದ ದಿನ ಆ ಕಪ್ಪು ಪರದೆ ಬರಲೇ ಇಲ್ಲ. ನೇರವಾಗಿ ವಿಂಡೋಸ್ ತೆರೆಯಿತು. ಒಳಗೆಲ್ಲ ಹುಡುಕಿದೆ. ಅವರ ಒಂದು ಫೈಲೂ ಇರಲಿಲ್ಲ.

"ಇದರಾಗಿನ ಲಿನಕ್ಸ್ ಎಲ್ಲಿ ಹೋತು?"

"ನನಗೇನ್ ಗೊತ್ತು ವೈನಿ? ನಾ ಎಲ್ಲಾ ವಿಂಡೋಸಿನ್ಯಾಗ ಮಾಡಾಂವ. ಆ ಕರೇ ಪರದಿ ಬರೂದು ಬಿಟ್ಟು ಎಷ್ಟೋ ದಿನ ಆತು."

"ಬರೂದು ಬಿಟ್ಟದೋ, ನೀ ಬಿಡಿಸಿದಿಯೋ?"

ಅವನು ಟೈಪ್ ಮಾಡುವುದನ್ನು ನಿಲ್ಲಿಸಿದ. "ಅಣ್ಣನ ದನಿ ಅಳಸಿ ನಾ ಏನ್ ಮಾಡ್ಲಿ, ನೀವೇ ಹೇಳ್ರಿ."

ಏನು ಮಾಡಬಹುದೆಂದು ನನಗೆ ತಿಳಿದಿತ್ತು. ಈಗ ಪ್ರಚಾರದ ಮಾತು ಹೇಳುತ್ತಿದ್ದವನು ಅವನೇ. "ನಿನ್ನ ದನಿ ಬ್ಯಾಡೋ ತಮ್ಮಾ, ಕೇಳಿದ್ರ ಎಮ್ಮಿ ಹಾಲು ಬಿಡಂಗಿಲ್ಲ. ಅಣ್ಣನ ಹಳೇದಿದ್ರ ಕೊಡು," ಎಂದು ಆಟೋದವರು ನಮ್ಮ ಮನೆಯ ಮುಂದೆಯೇ ಅವನನ್ನು ಕಾಡುತ್ತಿದ್ದುದನ್ನು ನಾನೇ ಕೇಳಿದ್ದೆ. ಹಳೆಯದು ಇಲ್ಲವೆಂದಾದರೆ ಹೊಸದೇ ನಡೆಯುತ್ತದೆ.

ಅಂದಿನಿಂದ ದಿನಾ ಅಂಗಡಿಗೆ ಹೋಗತೊಡಗಿದೆ. ಲ್ಯಾಮಿನೇಷನ್ ನನ್ನ ಕೈಯಲ್ಲಿ, ಕಣ್ಣು ಅವನ ಕೈ ಮೇಲೆ. ನಾನು ಒಳಗೆ ಬಂದ ಕೂಡಲೇ ಪರದೆಯ ಮೇಲಿದ್ದುದನ್ನು ಮುಚ್ಚುತ್ತಿದ್ದ. ಒಮ್ಮೆ ಸದ್ದಿಲ್ಲದೆ ಹಿಂದೆ ನಿಂತು ನೋಡಿದೆ. ಇಸ್ಪೀಟು ಆಡುತ್ತಿದ್ದ. ಅದರಿಂದ ಸಂಶಯವೇನೂ ಕಡಿಮೆಯಾಗಲಿಲ್ಲ.

ಒಂದು ಅಮಾವಾಸ್ಯೆಯ ಮರುದಿನ ಪರದೆಯ ಮೂಲೆಯಲ್ಲಿ ತಾರೀಖು ಎಷ್ಟೋ ವರ್ಷ ಹಿಂದಿನದು ಕಾಣಿಸಿತು. ಏನೋ ಮುಚ್ಚಿಡಲಿಕ್ಕೇ ಬದಲಿಸಿದ್ದಾನೆ ಅನಿಸಿತು.

"ತಾರೀಖು ಯಾಕ ಹಿಂದ ಸರಿಸಿದಿ?"

"ನಾ ಸರಿಸಿಲ್ಲ ವೈನಿ! ಅಮಾಸಿಗೆ ಎಲ್ಲಾ ಪ್ಲಗ್ ಕಿತ್ತು, ಒರಸಿ, ವಿಭೂತಿ ಹಚ್ಚಿ ಕಾಯಿ ಒಡೀತೀನಿ. ಮರುದಿನ ಹಿಂಗೇ ತೋರಸ್ತದ. ಪ್ರತಿ ಸಲ ನಾನೇ ಸರಿ ಮಾಡ್ತೀನಿ."

ಯಂತ್ರಗಳಿಗೆ ಅಮಾವಾಸ್ಯೆಯ ಪೂಜೆಯನ್ನು ಯಜಮಾನರೂ ಮಾಡುತ್ತಿದ್ದರು. ಆದರೆ ಕಂಪ್ಯೂಟರಿನ ಪ್ಲಗ್ಗನ್ನು ಇನ್ವರ್ಟರಿನಿಂದ ಕೀಳಲು ಬಿಡುತ್ತಿರಲಿಲ್ಲ. ಒಮ್ಮೆ ನಾನು ಬಟ್ಟೆ ಹಿಡಿದು ಹೋದಾಗ ಗದರಿದ್ದರು: "ಅದನ್ನ ಮುಟ್ಟಬ್ಯಾಡ. ಒಳಗಿನ ಸೆಲ್ ಸತ್ತದ. ಕರೆಂಟ್ ತಪ್ಪಿತಂದ್ರ ಎಲ್ಲಾ ಮರ್ತು ಹುಟ್ಟಿದ ದಿನಕ್ಕ ಹೋಗ್ತದ." ಯಾದಗಿರಿಗೆ ಹೋದಾಗ ಹೊಸ ಸೆಲ್ ತರುತ್ತೇನೆ ಎನ್ನುತ್ತಲೇ ಇದ್ದರು...

ಗಡಿಯಾರ ರಿಪೇರಿಯವರ ಹತ್ತಿರವೇ ಸೆಲ್ ಸಿಕ್ಕಿತು, ನಾಣ್ಯದಷ್ಟು ಅಗಲದ್ದು. ಕಂಪ್ಯೂಟರ್ ಡಬ್ಬಿಯ ಮುಚ್ಚಳ ತೆಗೆದು ನಾನೇ ಕೂಡಿಸಿದೆ. ಮೈದುನನ ಕೈಗೆ ಕೊಡಲಿಲ್ಲ. ಕಂಪ್ಯೂಟರ್ ಏಳುವಾಗಲೇ ಯಜಮಾನರು ಒಂದು ಕೀ ಒತ್ತುತ್ತಿದ್ದುದನ್ನು ನೋಡಿದ್ದೆ. ಹಾಗೇ ಒತ್ತಿದೆ. ನೀಲಿ ಪುಟ ಬಂತು. ಯಾವುದು ಮೊದಲು ಏಳಬೇಕು ಎಂದು ಅಲ್ಲಿ ಇರುತ್ತದೆ. ಕರೆಂಟ್ ತಪ್ಪಿದಾಗ ಅವರು ಇಟ್ಟಿದ್ದ ಕ್ರಮ ಮರೆತು, ವಿಂಡೋಸ್ ಮೇಲೆ ಬಂದಿತ್ತು. ಲಿನಕ್ಸ್ ಅದರ ಕೆಳಗೆ ಸುಮ್ಮನೆ ಕೂತಿತ್ತು. ಅದನ್ನು ಮೇಲಕ್ಕೆ ತಂದು ಮತ್ತೆ ಶುರು ಮಾಡಿದೆ. ಕಪ್ಪು ಪರದೆ ಬಂತು, ಎರಡು ಸಾಲಿನದು.

"ಈಗರ ನಂಬ್ತೀರೇನ್ ವೈನಿ?" ಎಂದ ಮೈದುನ.

ಪ್ಲಗ್ ಮುಟ್ಟಬೇಡವೆಂದು ನನಗೆ ಹೇಳಿದ ಮಾತನ್ನು ಯಜಮಾನರು ತಮ್ಮನಿಗೆ ಒಮ್ಮೆಯೂ ಹೇಳಿರಲಿಲ್ಲವೇ? ಇಲ್ಲ ಎನ್ನುತ್ತಾನೆ. ಇರಬಹುದು...

ಫೈಲುಗಳೆಲ್ಲ ಇದ್ದವು. ಕಕ್ಕೇರಾದ ಕಬಡ್ಡಿ, ವಡಗೇರಾದಲ್ಲಿ ಕಳೆದ ಎಮ್ಮೆ, ಸುರಪುರದ ಸೀರೆ. ಇಬ್ಬರೂ ಕೂತು ಒಂದೊಂದಾಗಿ ಕೇಳಿದೆವು. "ಮಾನ್ಯ ಬಾಂಧವರೇ, ತಾಯಂದಿರೇ, ಇಂದೇ ಭೇಟಿ ನೀಡಿ..." ಎಲ್ಲವೂ ಪುಸ್ತಕದ ಕನ್ನಡ. ಮನೆಯಲ್ಲಿ ಅವರು ಹಾಗೆ ಎಂದೂ ಮಾತಾಡಿದವರಲ್ಲ. ಕೆಮ್ಮಿದ್ದು, ತಪ್ಪಿದ್ದು, ನಡುವೆ ನನ್ನೊಡನೆ ಆಡಿದ್ದು, ಎಲ್ಲವನ್ನೂ ಕತ್ತರಿಸಿ ತೆಗೆದುಬಿಟ್ಟಿದ್ದರು. ಕೆಲಸದಲ್ಲಿ ಅಷ್ಟು ಚೊಕ್ಕ.

ಈಗಲೂ ನಾನು ಅಂಗಡಿಗೆ ಹೋಗುತ್ತೇನೆ. ಆಟೋದವರು ಕೇಳಿದರೆ ಮೈದುನನೇ ಹಳೆಯ ಫೈಲು ಹಾಕಿಕೊಡುತ್ತಾನೆ, ನನ್ನ ಎದುರಿಗೇ. ಎಲ್ಲವನ್ನೂ ಎಷ್ಟೋ ಸಲ ಕೇಳಿದ್ದೇನೆ. ಅವರು ನನ್ನನ್ನು ಕರೆದದ್ದು ಒಂದರಲ್ಲೂ ಇಲ್ಲ.