ಪೊಂ ಪೊಂ ನಿಂತ ಮಧ್ಯಾಹ್ನ

ಟ್ಯಾಂಕಿನಲ್ಲಿ ಮುಕ್ಕಾಲು ಭಾಗ ಪೆಟ್ರೋಲ್ ಇರುವಾಗಲೇ ಬಂಕಿಗೆ ಹೋಗಿ ನಿಲ್ಲುವವನು ನಾನು. ನಗುವುದಾದರೆ ನಗಿ, ನನಗೆ ಅಭ್ಯಾಸವಾಗಿದೆ. ಮೊನ್ನೆ ಹೀಗೆಯೇ ಡಲ್ಲಾಸ್ ಪಕ್ಕದ ಊರು ಫ್ಲವರ್ ಮೌಂಡಿನ ನಮ್ಮ ಮನೆಯ ಹತ್ತಿರದ ಬಂಕಿನಲ್ಲಿ ನಿಂತಿದ್ದೆ. ಪಕ್ಕದಲ್ಲೊಂದು ವ್ಯಾನು. ಅದರ ತೆರೆದ ಕಿಟಕಿಯೊಳಗೆ ಮೂರು ವರ್ಷದ್ದಿರಬಹುದಾದ ಒಂದು ಮಗು, ಯಾವುದೋ ಶಿಶುಗೀತೆಯ ಜೊತೆ ತಾನೂ ಕೂಗಿ ಹಾಡುತ್ತಿತ್ತು. ಹಾಡಿನ ನಡುವೆ ಮಗು ಇದ್ದಕ್ಕಿದ್ದಂತೆ ಸುಮ್ಮನಾಯಿತು. ಹಾಡು ಮಾತ್ರ ಮುಂದುವರಿಯಿತು.

ನಾನು ಪೆಟ್ರೋಲ್ ಪೈಪನ್ನು ಅಲ್ಲೇ ಬಿಟ್ಟು ಹೋಗಿ ಆ ಕಿಟಕಿಯೊಳಗೆ ಬಗ್ಗಿ ನೋಡಿದೆ. ಮಗುವಿನ ಬಾಯಲ್ಲೊಂದು ಬಿಸ್ಕತ್ತು ಇತ್ತು, ಅಷ್ಟೆ. ಮಗುವಿನ ತಾಯಿ ನನ್ನನ್ನು ನೋಡಿದ ರೀತಿ ಮಾತ್ರ ಹಾಗೆ ಸುಲಭವಾಗಿ ಮರೆಯುವಂಥದ್ದಲ್ಲ. ಸಾರಿ ಕೇಳಿ ಹಿಂದೆ ಬಂದೆ. ಅವಳಿಗೆ ವಿವರಿಸಲು ಆಗಲಿಲ್ಲ. ನಿಮಗಾದರೂ ಹೇಳಿಬಿಡುತ್ತೇನೆ.

ಆಗ ನಾವು ಹ್ಯೂಸ್ಟನ್‌ನಲ್ಲಿದ್ದೆವು. ನನ್ನ ಹೆಂಡತಿ ವೀಣಾ ಹುಬ್ಬಳ್ಳಿಯವಳು, ಹ್ಯೂಸ್ಟನ್‌ನ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಮಗಳು ಸುಮಿಗೆ ಮೂರು ದಾಟಿತ್ತು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಡಿನ ನೆಪದಲ್ಲಾದರೂ ಮಕ್ಕಳ ನಾಲಿಗೆಗೆ ಕನ್ನಡ ಹತ್ತಲಿ ಎಂದು ವೀಣಾ ತನ್ನ ಗೆಳತಿಯರ ಜೊತೆ ಸೇರಿ ಒಂದು ಸಿ.ಡಿ. ಮಾಡಲು ಹೊರಟಳು. ಆಸ್ಟಿನ್‌ನ ಒಬ್ಬಾಕೆ ಹಾಡು ಬರೆದರು. ಡಲ್ಲಾಸ್ ಹತ್ತಿರದ ಮರ್ಫಿಯಲ್ಲಿ ಶೈಲಾ ಎಂಬವರ ಮನೆಯ ಬಟ್ಟೆಯ ಕೋಣೆಯೇ ಸ್ಟುಡಿಯೋ ಆಯಿತು. ಸುತ್ತ ರೇಷ್ಮೆ ಸೀರೆ, ಚಳಿಗಾಲದ ಕೋಟು, ನಡುವೆ ಒಂದು ಮೈಕು. ಎ.ಸಿ.ಯ ಗುಂಯ್ ಸದ್ದು ಸೇರುತ್ತದೆ ಎಂದು ಅದನ್ನೂ ಆರಿಸಿ, ಹಾಡಿದವರು ಬೆವರಿನಲ್ಲಿ ತೊಯ್ದು ಹೊರಗೆ ಬರುತ್ತಿದ್ದರು. ಹೊರಗೆ ಮಕ್ಕಳನ್ನು ಸದ್ದು ಮಾಡದಂತೆ ನೋಡಿಕೊಳ್ಳುವ ಕೆಲಸ ನನಗೆ. ಸೊಳ್ಳೆ ಮದುವೆಯ ಹಾಡಿನಲ್ಲಿ ದೂರದಲ್ಲೊಂದು ಸೀನು ಕೇಳಿಸುತ್ತದೆ. ಅದು ನನ್ನದು. ಸಂಗೀತಕ್ಕೆ ನನ್ನ ಕೊಡುಗೆ ಅಷ್ಟೇ.

ಸುಮಿಯ ಪ್ರಾಣ ಮಾತ್ರ ಆನೆಯ ಹಾಡಿನಲ್ಲಿತ್ತು.

ಆನೆಯಣ್ಣ ಕಾರು ತಂದ,
ಒಳಗೆ ಹಿಡಿಸದೆ ಮೇಲೆ ಕುಂತ,
ಸೊಂಡಿಲೆತ್ತಿ ಹಾರ್ನು ಹೊಡೆದ,
ಪೊಂ ಪೊಂ ಪೊಂ.

ಮೇಲೆ ಕುಂತ ಎನ್ನುವಲ್ಲಿ ಹಾಡುತ್ತಿದ್ದ ವೀಣಾಗೆ ನಗು ತಡೆಯಲಾಗಲಿಲ್ಲ. ಮತ್ತೆ ಹಾಡಿಸಲು ಹೊರಟವರನ್ನು ಶೈಲಾ ತಡೆದು, "ಇರ್ಲಿ ಬಿಡಿ, ಮಕ್ಕಳಿಗೆ ಇದೇ ಇಷ್ಟ ಆಗೋದು" ಅಂದರು. ಆ ನಗು ಹಾಗೆಯೇ ಉಳಿಯಿತು. ಅದರ ಹಿಂದೆಯೇ ಬರುವ ಪೊಂ ಪೊಂ ಪೊಂ ಸುಮಿಯ ಪಾಲು. ಎಷ್ಟು ಸಲ ಹಾಕಿದರೂ ಅವಳು ಅದನ್ನು ಒಮ್ಮೆಯೂ ತಪ್ಪಿಸುತ್ತಿರಲಿಲ್ಲ.

ಎರಡು ಸಾವಿರದ ಐದರ ಸೆಪ್ಟೆಂಬರ್. ಕೆಲವೇ ವಾರಗಳ ಹಿಂದೆ ಪಕ್ಕದ ರಾಜ್ಯದ ಒಂದು ದೊಡ್ಡ ಊರು ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ಛಾವಣಿ ಹತ್ತಿ ಕೈ ಬೀಸುತ್ತಿದ್ದ ಜನ, ಕರೆಂಟಿಲ್ಲದ ಆಸ್ಪತ್ರೆಗಳು. ಆ ಚಿತ್ರಗಳು ಕಣ್ಣಿನಿಂದ ಮರೆಯಾಗುವ ಮೊದಲೇ ಇನ್ನೊಂದು ಚಂಡಮಾರುತ ಹ್ಯೂಸ್ಟನ್ ಕಡೆಗೆ ಹೊರಟಿದೆ ಎಂದರು. ನಮ್ಮ ಬಡಾವಣೆ ಸಮುದ್ರದ ಕಡೆಗಿತ್ತು, ಮನೆ ಬಿಡಲು ಆದೇಶ ಬಂತು. ವೀಣಾ ಆಸ್ಪತ್ರೆಯಲ್ಲೇ ಉಳಿಯಬೇಕಾದವರ ಪೈಕಿ. ಬಿರುಗಾಳಿ ದಾಟುವವರೆಗೆ ಅಲ್ಲಿಯೇ ಊಟ, ಅಲ್ಲಿಯೇ ನಿದ್ದೆ.

ಮಳೆನೀರಿನ ಚರಂಡಿಗಳ ನಕ್ಷೆ ಬರೆದು ಸಂಬಳ ತೆಗೆದುಕೊಳ್ಳುತ್ತಿದ್ದವನು ನಾನು. ಆ ಊರಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ನನ್ನನ್ನು ಕೇಳಬೇಕು. ಹಾಗೆ ತಿಳಿದದ್ದರಿಂದ ಧೈರ್ಯವೇನೂ ಬರಲಿಲ್ಲ, ಇದ್ದದ್ದೂ ಹೋಯಿತು. ವೀಣಾಳ ಆಸ್ಪತ್ರೆಯ ಸುತ್ತಲಿನ ಬೀದಿಗಳು ಹಿಂದೊಮ್ಮೆ ಕೆರೆಯಾದದ್ದನ್ನು ನಾನು ಕಣ್ಣಾರೆ ನೋಡಿದ್ದೆ.

"ನಾವೂ ಹೋಗಲ್ಲ, ಆಸ್ಪತ್ರೆ ಹತ್ರ ಎಲ್ಲಾದ್ರೂ ಇರ್ತೀವಿ" ಎಂದೆ.

"ಅವ್ವ ಅದಾಳ, ಕೂಸು ಅದ. ಇಬ್ಬರನ್ನೂ ಶೈಲಾ ಮನಿಗೆ ಮುಟ್ಟಸ್ರಿ. ನಂದು ಗಟ್ಟಿ ಕಟ್ಟಡ, ನನ್ನ ಚಿಂತಿ ಮಾಡಬ್ಯಾಡ್ರಿ" ಎಂದು ಅವಳು ಬ್ಯಾಗು ಹೆಗಲಿಗೇರಿಸಿದಳು. ಅತ್ತೆ ಆ ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆಗಿದ್ದರು. ವೀಣಾ ಸುಮಿಯನ್ನು ಕಾರಿನ ಸೀಟಿಗೆ ಕಟ್ಟಿ, ಸಿ.ಡಿ.ಯನ್ನು ತಾನೇ ಹಾಕಿ, ಕೆನ್ನೆಗೆ ಮುತ್ತಿಟ್ಟು ಹೋದಳು.

ನಾವು ಬೆಳಕು ಹರಿಯುವ ಮೊದಲೇ ಹೊರಟೆವು. ಇಡೀ ಊರು ನಮಗಿಂತ ಮೊದಲೇ ಹೊರಟಿತ್ತು. ಡಲ್ಲಾಸ್ ಕಡೆಯ ಹೆದ್ದಾರಿಯಲ್ಲಿ ಕಣ್ಣು ಹಾಯುವಷ್ಟು ದೂರ ಕಾರುಗಳು ನಿಂತಿದ್ದವು. ಒಂದಿಷ್ಟು ಉರುಳುವುದು, ಮತ್ತೆ ನಿಲ್ಲುವುದು. ಹ್ಯೂಸ್ಟನ್‌ಗೆ ಹೋಗುವ ಎದುರಿನ ರಸ್ತೆ ಮಾತ್ರ ಪೂರ್ತಿ ಖಾಲಿ. ನಡುವೆ ಒಂದು ಹುಲ್ಲಿನ ಪಟ್ಟಿ, ಅಷ್ಟೇ. ಅದನ್ನು ದಾಟಿದರೆ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ವೀಣಾಳ ಹತ್ತಿರ ಇರುತ್ತೇನೆ ಎಂದು ನನ್ನ ಕೈ ಸ್ಟೀರಿಂಗನ್ನು ಮತ್ತೆ ಮತ್ತೆ ಆ ಕಡೆಗೆ ಎಳೆಯುತ್ತಿತ್ತು. ಫೋನ್ ಹತ್ತುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ಫೋನ್ ಮಾಡುತ್ತಿದ್ದರೇನೋ, ಬರೀ ಟೊಂಯ್ ಟೊಂಯ್ ಎಂಬ ಸದ್ದು.

ರೇಡಿಯೋ ಹಾಕಿದರೆ ಬಿರುಗಾಳಿಯ ಸುದ್ದಿ. ಅದನ್ನು ಆರಿಸಿ ಸಿ.ಡಿ. ಹಾಕಿದರೆ ವೀಣಾಳ ದನಿ. ಯಾವುದು ವಾಸಿ ಎಂದು ನನಗೆ ತಿಳಿಯಲಿಲ್ಲ. ಮೇಲೆ ಕುಂತ, ಆಮೇಲೆ ಆ ನಗು. ಇನ್ನು ಮುಂದೆ ಈ ನಗುವನ್ನು ಇದರಲ್ಲಿ ಮಾತ್ರ ಕೇಳಬೇಕಾದರೆ ಎಂಬ ಯೋಚನೆ ಬಂದು, ನನ್ನ ಕೈ ತಾನಾಗಿ ಸಿ.ಡಿ. ಆರಿಸಲು ಹೋಯಿತು. ಹಿಂದಿನ ಸೀಟಿನಿಂದ ಸುಮಿ, "ನೋ ಅಪ್ಪಾ, ಅಗೇನ್" ಎಂದಳು. ಮತ್ತೆ ಹಾಕಿದೆ. ನಾನು ಉಲ್ಲಾಸದ ತಂದೆಯ ಹಾಗೆ ಸ್ಟೀರಿಂಗ್ ಮೇಲೆ ತಾಳ ಹಾಕಿದೆ. ಪೊಂ ಪೊಂ ಪೊಂ ಎಂದು ಸುಮಿ ಕಿರುಚಿದಳು. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಅದು ತಾಳವಲ್ಲ, ನಡುಕ ಎಂದು ಅವರಿಗೆ ಗೊತ್ತಾಗಿತ್ತೆಂದು ಕಾಣುತ್ತದೆ.

ಬಿಸಿಲು ಏರಿತು. ಪೆಟ್ರೋಲ್ ಮುಳ್ಳು ಕೆಳಗಿಳಿಯುತ್ತಿತ್ತು. ದಾರಿಯ ಬಂಕುಗಳಲ್ಲಿ ಪೆಟ್ರೋಲ್ ಇಲ್ಲ ಎಂಬ ರಟ್ಟಿನ ಫಲಕಗಳು. ಪೆಟ್ರೋಲ್ ಉಳಿಸಲು ಎಲ್ಲರೂ ಎ.ಸಿ. ಆರಿಸಿದ್ದರು, ನಾನೂ ಆರಿಸಿದೆ. ಕಿಟಕಿ ಇಳಿಸಿದರೆ ಒಲೆಯ ಬಾಯಿಯಿಂದ ಬರುವಂಥ ಗಾಳಿ. ರಸ್ತೆಯ ಅಂಚಿನಲ್ಲಿ ಕೆಟ್ಟು ನಿಂತ ಕಾರುಗಳು, ನೆರಳಿಗೆಂದು ಟ್ರಕ್ಕುಗಳ ಪಕ್ಕ ಕೂತ ಮುದುಕರು, ನಾಲಿಗೆ ಚಾಚಿದ ನಾಯಿಗಳು. ಅತ್ತೆ ಒದ್ದೆ ಕರವಸ್ತ್ರದಿಂದ ಸುಮಿಯ ಮುಖ ಒರೆಸುತ್ತಿದ್ದರು. ನನ್ನ ಕಣ್ಣು ಮಾತ್ರ ಹಿಂದಿನದನ್ನು ತೋರಿಸುವ ಕನ್ನಡಿಯಲ್ಲಿ, ಹ್ಯೂಸ್ಟನ್‌ನ ಆಕಾಶದ ಮೇಲೆ. ಅಲ್ಲಿ ಮೋಡವೇ ಇರಲಿಲ್ಲ. ಆದರೂ ನಾನು ಅದನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಆನೆಯ ಹಾಡು ಮತ್ತೆ ಬಂತು. ಕಾರು ತಂದ, ಮೇಲೆ ಕುಂತ, ನಗು. ಹಾರ್ನು ಹೊಡೆದ. ಹಿಂದಿನ ಸೀಟಿನಿಂದ ಏನೂ ಕೇಳಲಿಲ್ಲ. ಅಂತೂ ನಿದ್ದೆ ಬಂತು, ಪಾಪ, ಎಂದು ನನಗೆ ಸಮಾಧಾನವಾಯಿತು. ಅತ್ತೆಯೂ ತೂಕಡಿಸುತ್ತಿದ್ದರು. ಮುಂದಿನ ಹಾಡು ಶುರುವಾದ ಮೇಲೆ ಅವರು ಎಚ್ಚೆತ್ತು ಮಗುವಿನ ಕಡೆ ಬಾಗಿದ್ದು ಕನ್ನಡಿಯಲ್ಲಿ ಕಂಡಿತು.

"ಕೂಸು ಮಲಗಿಲ್ರಿ" ಎಂದರು. ಅವರ ದನಿ ತೀರಾ ಸಣ್ಣದಾಗಿತ್ತು. "ಕಣ್ಣು ಅರ್ಧಾ ತಗದದ. ಮೈ ಹಂಚು ಆದಂಗ ಆಗೇದ, ಬೆವರs ಇಲ್ಲ. ಗಾಡಿ ಬಾಜೂಕ ತಗೋರಿ."

ಆಮೇಲೆ ನಾನು ಏನು ಮಾಡಿದೆ ಎಂಬುದು ತುಂಡು ತುಂಡಾಗಿ ನೆನಪಿದೆ. ಹಾರ್ನ್ ಒತ್ತಿ ಹಿಡಿದು ಕಾರನ್ನು ಹುಲ್ಲಿನ ಮೇಲಿಳಿಸಿದೆ. ಬೆಲ್ಟ್ ಬಿಚ್ಚಿದೆ. ಸುಮಿಯನ್ನು ಎತ್ತಿಕೊಂಡರೆ ಅವಳ ತಲೆ ನನ್ನ ಭುಜದ ಮೇಲೆ ನಿಲ್ಲದೆ ಹಿಂದಕ್ಕೆ ವಾಲಿತು. "ಸುಮಿ, ಸುಮೀ" ಎಂದೆ. ಕಣ್ಣು ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು. ತೆರೆದ ಬಾಗಿಲೊಳಗಿಂದ ಅವಳ ತಾಯಿ ಇನ್ನೂ ಹಾಡುತ್ತಿದ್ದಳು.

"ಅದನ್ನ ಬಂದ್ ಮಾಡ್ರಿ ಮೊದಲ" ಎಂದರು ಅತ್ತೆ. ಬಾಟಲಿಯಲ್ಲಿ ಉಳಿದಿದ್ದ ನೀರನ್ನೆಲ್ಲ ತಮ್ಮ ಸೆರಗಿಗೆ ಸುರಿದು ಮಗುವಿಗೆ ಸುತ್ತಿದರು. ನಾನು ರಸ್ತೆಗೆ ಓಡಿ, ನಿಂತ ಕಾರುಗಳ ಗಾಜು ಬಡಿದು ಐಸ್ ಬೇಕು ಎಂದು ಕೂಗಿದೆ. ಕೆಲವರು ಕಿಟಕಿ ಏರಿಸಿಕೊಂಡರು. ಅವರನ್ನು ದೂರಲಾರೆ, ನಾನು ನೋಡಲು ಹಾಗಿದ್ದೆ.

ಪಿಕಪ್ ಟ್ರಕ್ಕಿನಿಂದ ಒಬ್ಬ ದಪ್ಪನೆಯ ಹೆಂಗಸು ಐಸ್ ಪೆಟ್ಟಿಗೆ ಹಿಡಿದು ಇಳಿದಳು. ಅವಳು ಮಾತಾಡಿದ್ದು ಸ್ಪ್ಯಾನಿಷ್, ಅತ್ತೆ ಹುಬ್ಬಳ್ಳಿ ಕನ್ನಡ. ಇಬ್ಬರ ನಡುವೆ ಇಂಗ್ಲಿಷ್ ಬಲ್ಲವನಾಗಿ ನಿಂತಿದ್ದ ನನ್ನಿಂದ ಯಾರಿಗೂ ಉಪಯೋಗವಿರಲಿಲ್ಲ. ಆಕೆ ಮಗುವಿನ ಕಂಕುಳಿಗೆ, ಕತ್ತಿಗೆ ಐಸ್ ಇಟ್ಟಳು. ಅತ್ತೆ ಪಾದ ತಿಕ್ಕಿದರು. ಆಕೆಯ ಟ್ರಕ್ಕಿನಲ್ಲಿ ಪೆಟ್ರೋಲ್ ಇತ್ತು. ಅದರ ಎ.ಸಿ. ಜೋರು ಮಾಡಿ ಮೂವರನ್ನೂ ಒಳಗೆ ಕೂರಿಸಿ, ತನ್ನ ಇಬ್ಬರು ಮಕ್ಕಳನ್ನು ಕೆಳಗಿಳಿಸಿ ಬಿಸಿಲಲ್ಲಿ ನಿಲ್ಲಿಸಿದಳು.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಾನು ಹ್ಯೂಸ್ಟನ್ ಕಡೆ ನೋಡಲಿಲ್ಲ. ಬಿರುಗಾಳಿ ನೆನಪಿಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ವೀಣಾಳೂ ನೆನಪಿಗೆ ಬರಲಿಲ್ಲ. ಇಡೀ ಲೋಕ ಆ ಮಗುವಿನ ಅರ್ಧ ತೆರೆದ ರೆಪ್ಪೆಯಷ್ಟಾಗಿತ್ತು. ಕೊನೆಗೆ ಸುಮಿ ಅತ್ತೆಯ ಮಡಿಲ ತುಂಬ ವಾಂತಿ ಮಾಡಿಕೊಂಡು, ಗಂಟಲು ಬಿರಿಯುವಂತೆ ಅಳತೊಡಗಿದಳು. ಆ ಹೆಂಗಸು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅತ್ತೆ, "ಅಳು ನನ ಕೂಸs, ಅಳು" ಎನ್ನುತ್ತಾ ತಾವೂ ಅತ್ತರು.

ಮುಂದಿನ ಸಣ್ಣ ಊರಿನಲ್ಲಿ ಒಂದು ಶಾಲೆಯನ್ನು ನಮ್ಮಂಥವರಿಗೆಂದು ತೆರೆದಿದ್ದರು. ಆ ಹೆಂಗಸಿನ ಟ್ರಕ್ಕು ರಸ್ತೆಯಂಚಿನಲ್ಲೇ ನುಗ್ಗಿ ಅತ್ತೆಯನ್ನೂ ಮಗುವನ್ನೂ ಅಲ್ಲಿಗೆ ಮುಟ್ಟಿಸಿತು. ಹಿಂದೆಯೇ ಬಂದ ನಮ್ಮ ಕಾರು ಶಾಲೆಯ ಗೇಟಿನ ಮುಂದೆಯೇ ಪೆಟ್ರೋಲ್ ಮುಗಿದು ನಿಂತಿತು. ಅಲ್ಲಿಯ ನರ್ಸು ಸುಮಿಯನ್ನು ಪರೀಕ್ಷಿಸಿ, ಇನ್ನು ಭಯವಿಲ್ಲ, ಆದರೆ ಮತ್ತೆ ಆ ರಸ್ತೆಗೆ ಹೋಗಬೇಡಿ ಎಂದಳು. ನಾನು ಹೊರಗೆ ಬಂದು ಧನ್ಯವಾದ ಹೇಳಬೇಕೆನ್ನುವಷ್ಟರಲ್ಲಿ ಟ್ರಕ್ಕು ಹೋಗಿಬಿಟ್ಟಿತ್ತು.

ಆಮೇಲೆ ಬಿರುಗಾಳಿ ಪೂರ್ವಕ್ಕೆ ವಾಲಿಕೊಂಡು ಹ್ಯೂಸ್ಟನ್ ಅನ್ನು ಬಿಟ್ಟು ಹೋಯಿತು. ಆಸ್ಪತ್ರೆಯ ಅಂಗಳದಲ್ಲಿ ಕೆಲವು ಕೊಂಬೆ ಮುರಿದಿದ್ದವು, ಅಷ್ಟೆ. ನಾವು ಬಿಟ್ಟು ಬಂದ ಮನೆಯಲ್ಲಿ ಒಂದು ಹೂಕುಂಡವೂ ಉರುಳಿರಲಿಲ್ಲ. ಮರಳಿ ಹೋದ ದಿನ ವೀಣಾ ಬಾಗಿಲಲ್ಲೇ ಸುಮಿಯನ್ನು ಕಸಿದುಕೊಂಡು ಅವಳ ತಲೆ, ಬೆನ್ನು, ಕಾಲು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು.

"ನಮಗ ಮೂರು ಹೊತ್ತು ಬಿಸಿ ಊಟ ಕೊಟ್ರು. ಟಿವ್ಯಾಗ ನೀವಿದ್ದ ರಸ್ತೆನs ತೋರಸ್ತಿದ್ರು. ಬಿಸಲಾಗ ಮಂದಿ ಬಿದ್ದಿದ್ದು, ಒಂದು ಬಸ್ಸಿಗೆ ಬೆಂಕಿ ಹತ್ತಿದ್ದು. ನಾನs ಕಳಿಸಿದೆ ನಿಮ್ಮನ್ನ. ತಣ್ಣಗ ಕುಂತು ಅದನ್ನ ನೋಡಿದೆ" ಎಂದಳು.

ಮನೆಯಲ್ಲಿ ಆ ಸಿ.ಡಿ.ಯನ್ನು ಮತ್ತೆ ಯಾರೂ ಹಾಕಲಿಲ್ಲ. ಹಾಕಬಾರದು ಎಂದು ಯಾರೂ ಹೇಳಲೂ ಇಲ್ಲ. ಕೆಲವು ವರ್ಷಗಳಾದ ಮೇಲೆ ಕೆಲಸದ ನೆಪದಲ್ಲಿ ಡಲ್ಲಾಸ್ ಕಡೆಗೆ ಶಿಫ್ಟ್ ಆದೆವು. ಸುಮಿ ಆಸ್ಟಿನ್‌ನಲ್ಲಿ ಓದಿ, ಇರುವ ಊರುಗಳನ್ನೆಲ್ಲ ಬಿಟ್ಟು ಈಗ ಹ್ಯೂಸ್ಟನ್‌ನಲ್ಲೇ ಕೆಲಸ ಹಿಡಿದಿದ್ದಾಳೆ.

ಮೊನ್ನೆ ಬಂಕಿನಿಂದ ಮನೆಗೆ ಬಂದ ಸಂಜೆ ಅವಳ ಫೋನ್ ಬಂತು. ಸಮುದ್ರದಲ್ಲಿ ಬಿರುಗಾಳಿ ಎದ್ದಿದೆಯಂತೆ, ಹ್ಯೂಸ್ಟನ್ ಕಡೆಗೇ ಬರಬಹುದಂತೆ.

"ಅಪ್ಪಾ, ಫ್ರೆಂಡ್ಸ್ ಎಲ್ಲ ಹೊರಡ್ತಿದ್ದಾರೆ. ನಾನೂ ಡ್ರೈವ್ ಮಾಡ್ಕೊಂಡು ನಿಮ್ಮ ಹತ್ರ ಬರ್ಲಾ?"

ಬಾ, ಈಗಲೇ ಹೊರಡು ಎಂಬ ಮಾತು ನನ್ನ ಬಾಯಿಯ ತುದಿಯಲ್ಲೇ ಇತ್ತು. ಅವಳ ಮನೆ ಮೂರನೆಯ ಮಹಡಿಯಲ್ಲಿದೆ. ಅದು ಎತ್ತರದ ಜಾಗ. ಮನೆ ಬಿಡಿ ಎಂಬ ಆದೇಶ ಆ ಭಾಗಕ್ಕೆ ಬಂದಿಲ್ಲ. ಇಷ್ಟನ್ನೂ ಕೇಳಿ ತಿಳಿದುಕೊಂಡೆ. ವೀಣಾ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೇಡ. ನೀರು ತುಂಬಿಸಿಟ್ಕೊಂಡು ಅಲ್ಲೇ ಇರು" ಎಂದೆ.

"ಆರ್ ಯು ಶ್ಯೂರ್?"

"ಇಲ್ಲ."

"ಹೆದರಿಕೆ ಆಗ್ತಿದೆಯಾ ಅಪ್ಪಾ?" ಎಂದು ಕೇಳಿದಳು. ಇದನ್ನು ಅವಳು ಕನ್ನಡದಲ್ಲೇ ಕೇಳಿದಳು.

ಅಂದು ಕಾರಿನಲ್ಲಿ ಮಾಡಿದಂತೆ ಈ ಸಲ ತಾಳ ಹಾಕಿ ತೋರಿಸುವ ಉತ್ಸಾಹ ನನಗೆ ಇರಲಿಲ್ಲ. "ಹೂಂ, ತುಂಬಾ ಆಗ್ತಿದೆ. ಫೋನ್ ಇಡಬೇಡ" ಎಂದೆ.

ಅವಳು ಇಡಲಿಲ್ಲ. ಆ ಕಡೆ ಅವಳು ಬಕೆಟ್ಟಿಗೆ ನೀರು ಬಿಟ್ಟ ಸದ್ದನ್ನು ಈ ಕಡೆ ನಾವಿಬ್ಬರೂ ಕೇಳುತ್ತಾ ಕೂತೆವು.